ಹನ್ನೊಂದನೇ ನಂಬರಿನ ಜೀಪಿನಲ್ಲಿ ಎಷ್ಟು ಜನ

ಬುಧವಾರ ಬೆಳಿಗ್ಗೆ ಎದ್ದವನೇ ಹ್ಯಾಲ್ಮರ್ ಮಾಡಿದ ಮೊದಲ ಕೆಲಸ ಫೋನಿನಲ್ಲಿ ಹವಾಮಾನದವರ ನಕ್ಷೆ ನೋಡಿದ್ದು. ಕಾಫಿಗೆ ನೀರಿಟ್ಟಿದ್ದು ಆಮೇಲೆ. ಶನಿವಾರದ ಮೇಲೆ ಬೆರಳೊತ್ತಿದ. ಊರಿನ ದಕ್ಷಿಣದ ಬೆಟ್ಟಗಳ ಮೇಲೆಲ್ಲ ಬಿರುಗಾಳಿಯ ಎಚ್ಚರಿಕೆಯ ಹಳದಿ ಬಣ್ಣ ಹರಡಿಕೊಂಡಿತ್ತು. ನಿನ್ನೆ ಮಲಗುವಾಗ ಅಲ್ಲಿ ಯಾವ ಬಣ್ಣವೂ ಇರಲಿಲ್ಲ.

"ಹಳದಿ ತಾನೇ," ಎಂದ ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ. "ಕಿತ್ತಳೆ ಆಗೋವರೆಗೂ ಯೋಚನೆ ಇಲ್ಲ."

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅವನ ಹೆಂಡತಿ ಸಿಗ್ನಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದವಳು ಮೂರೇ ವಾರಕ್ಕೆ ಹೋಗಿಬಿಟ್ಟಿದ್ದಳು. ಮಣ್ಣು ಮಾಡಿ ಬಂದಮೇಲೆ ಹ್ಯಾಲ್ಮರ್ ಯಾರ ಹತ್ತಿರವೂ ಆ ಮಾತು ಎತ್ತಿರಲಿಲ್ಲ. ಅಂಗಡಿಯಲ್ಲಿ ಈಗಲೂ "ನಮಗೆ ಒಂದು ಮೊಸರಿನ ಡಬ್ಬ" ಎಂದೇ ಕೇಳುತ್ತಿದ್ದ. ಅಂಗಡಿಯ ಹುಡುಗಿ ಸುಮ್ಮನೆ ಕೊಡುತ್ತಿದ್ದಳು. ಹೂಸವಿಕ್‌ನಂಥ ಸಣ್ಣ ಊರಿನಲ್ಲಿ ಇಂಥದ್ದನ್ನು ತಿದ್ದುವವರು ಯಾರು!

ಹಳೆಯ ಪಂಚಾಂಗದ ಪ್ರಕಾರ ಫೆಬ್ರವರಿಯ ಕೊನೆಗೆ ಬರುವ ಗೋಆ ತಿಂಗಳ ಮೊದಲ ಭಾನುವಾರ ಹೆಂಗಸರ ದಿನ. ಅವತ್ತು ಗಂಡಸರು ಹೂವು ತರಬೇಕು, ಒಲೆ ಮುಂದೆ ನಿಲ್ಲಬೇಕು. ಅದರ ಹಿಂದಿನ ದಿನ, ಶನಿವಾರ, ಉತ್ತರದ ಜೀಪಿನವರೆಲ್ಲ ಒಂದು ಕಡೆ ಸೇರಿ, ಹಿಮದ ಮೇಲೆ ಸಾಲಾಗಿ ಗಾಡಿ ಬಿಟ್ಟುಕೊಂಡು, ಬೆಟ್ಟದ ಮೇಲಿನ ಗ್ರೌವತ್ನ್ ಕೆರೆಯ ಪಕ್ಕದ ತಂಗುಮನೆಗೆ ಹೋಗುತ್ತಾರೆ. ಮಾರನೆಯ ದಿನ ಗಂಡಸರೇ ಬೇಯಿಸಿದ ಕುರಿಮಾಂಸದ ಸಾರು ಉಂಡು ಇಳಿಯುತ್ತಾರೆ. ಮೂವತ್ತೆಂಟು ವರ್ಷದಿಂದ ನಡೆದು ಬಂದ ಕ್ರಮ ಇದು. ಹ್ಯಾಲ್ಮರ್ ಒಂದು ವರ್ಷವೂ ತಪ್ಪಿಸಿದವನಲ್ಲ. ಈ ಚಳಿಗಾಲವಿಡೀ ಅವನು ಹಾಸಿಗೆಯಿಂದ ಎದ್ದಿದ್ದರೆ ಆ ಒಂದು ಶನಿವಾರದ ಕಡೆಗೆ ಮುಖ ಮಾಡಿಕೊಂಡೇ ಎದ್ದದ್ದು.

ಮಗಳು ಥೋರಾಗೆ ಅದು ಬೇಡವಾಗಿತ್ತು. ಎರಡು ಬೀದಿ ಆಚೆ ಅವಳ ಮನೆ, ಅಲ್ಲಿ ಅವಳೂ ಪುಟ್ಟ ಮಗಳು ಬಿರ್ಟಾಳೂ. ಅಪ್ಪ ಒಲೆ ಆರಿಸದೆ ಹೊರಗೆ ಹೋದದ್ದನ್ನೂ, ಬಂದರಿನ ಹತ್ತಿರ ಗಾಡಿ ನಿಲ್ಲಿಸಿ ಯಾಕೆ ಬಂದೆ ಎಂದು ಮರೆತು ನಿಂತದ್ದನ್ನೂ ಅವಳು ಕಣ್ಣಾರೆ ನೋಡಿದ್ದಳು. ಜೀಪು ಮಾರಿಬಿಡು ಅಂತ ಕ್ರಿಸ್‌ಮಸ್ಸಿನಿಂದ ಶುರುಮಾಡಿದ್ದಳು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು.

"ಕಿತ್ತಳೆ ಬಂದ್ರೆ ನೀನು ಹೋಗಲ್ಲ," ಎಂದಿದ್ದಳು ಥೋರಾ. "ಹಳದಿ ಇದ್ರೆ ನಾನೂ ಬರ್ತೀನಿ. ಯಾವ ರಗಳೆನೂ ಇಲ್ದೆ ಹೋಗಿ ಬಂದ್ಯೋ, ಮತ್ತೆ ಜೀಪಿನ ಸುದ್ದಿ ಎತ್ತಲ್ಲ. ಏನಾದ್ರೂ ಎಡವಟ್ಟಾಯ್ತೋ, ಮಾರ್ತೀಯ. ಸರೀನಾ?"

"ನಿಮ್ಮಮ್ಮನ ಥರಾನೇ ಮಾತಾಡ್ತೀಯ," ಎಂದಿದ್ದ ಅವನು.

ಆ ಮಾತಿಗೆ ಥೋರಾ ಮುಖ ತಿರುಗಿಸಿ ಪಾತ್ರೆ ತೊಳೆಯುವುದಕ್ಕೆ ಹೋಗಿದ್ದಳು. ಪಾತ್ರೆ ಅದಾಗಲೇ ತೊಳೆದಿತ್ತು.

ಗುರುವಾರ ಬೆಳಿಗ್ಗೆ ಏಳಕ್ಕೆ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದಾಗ ಗೆಳೆಯ ಗೀಸ್ಲಿ ಬಂದ. ಗೀಸ್ಲಿ ಮೀನಿನ ದೋಣಿ ಬಿಟ್ಟು ಹತ್ತು ವರ್ಷವಾದರೂ ಹವೆಯ ವಿಷಯದಲ್ಲಿ ಇನ್ನೂ ಕಪ್ತಾನನೇ. ಅವನ ಜೀಪು ಹನ್ನೆರಡನೇ ನಂಬರು, ಹ್ಯಾಲ್ಮರನದು ಹನ್ನೊಂದು. ಮೂವತ್ತೆಂಟು ವರ್ಷವೂ ಒಬ್ಬರ ಹಿಂದೆ ಒಬ್ಬರು.

"ನೋಡ್ದೆಯಾ? ಸೆಕೆಂಡಿಗೆ ಇಪ್ಪತ್ತು ಮೀಟರ್ ಗಾಳಿ ಅಂತೆ," ಎಂದ ಗೀಸ್ಲಿ ನೀರಿಗಿಳಿಯುತ್ತ.

"ಹದಿನೆಂಟು."

"ಸಂಜೆಗೆ ಇಪ್ಪತ್ತು."

"ಸಂಜೆಗೆ ನಾವು ತಂಗುಮನೆಯೊಳಗೆ ಕಾಲು ಚಾಚಿರ್ತೀವಿ. ನಿನ್ನ ಗಾಡಿ ದಾರೀಲಿ ಕೈಕೊಡದಿದ್ರೆ."

"ನನ್ನ ಗಾಡಿನಾ? ಹೋದ ವರ್ಷ ನಿನ್ನ ಎಳ್ಕೊಂಡು ಬಂದಿದ್ದು ಯಾರ ಹಗ್ಗ?"

"ನಿನ್ನ ಹಗ್ಗ. ಎಳೆದಿದ್ದು ಮಾತ್ರ ಒಂಬತ್ತನೇ ನಂಬರು."

ಅಕ್ಕಪಕ್ಕದವರು ನಕ್ಕರು. ಮೇಲಿಂದ ಪುಡಿಹಿಮ ಉದುರುತ್ತಿತ್ತು, ತಲೆಗೂದಲು ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು. ಗೀಸ್ಲಿ ಹತ್ತಿರ ಸರಿದು ದನಿ ತಗ್ಗಿಸಿದ.

"ಒಬ್ಬನೇ ಬರ್ತೀಯೇನೋ?"

"ಥೋರಾ ಬರ್ತಾಳೆ."

"ಒಳ್ಳೇದಾಯ್ತು ಬಿಡು," ಎಂದ ಗೀಸ್ಲಿ. ಇಬ್ಬರೂ ಆಕಾಶ ನೋಡುತ್ತ ಕೂತರು.

ಶುಕ್ರವಾರವಿಡೀ ಹ್ಯಾಲ್ಮರ್ ಗ್ಯಾರೇಜಿನಲ್ಲಿದ್ದ. ಸೊಂಟದೆತ್ತರದ ಟೈರುಗಳನ್ನು ಒಂದೊಂದಾಗಿ ತಡವಿ ನೋಡಿದ. ಎಂಜಿನ್ ಎಣ್ಣೆ ಬದಲಾಯಿಸಿದ, ಗಾಳಿ ತುಂಬುವ ಪಂಪಿನ ಕೊಳವೆಗೆ ಹೊಸ ಕ್ಲಿಪ್ಪು ಹಾಕಿದ, ಸಲಿಕೆ, ಹಗ್ಗ, ಎರಡು ಕಂಬಳಿ ಹಿಂದಕ್ಕೆ ಒಟ್ಟಿದ. ಒಣಮೀನು, ಬೆಣ್ಣೆ, ರೈ ಬ್ರೆಡ್ಡು ಡಬ್ಬಿಗೆ ತುಂಬಿದ. ಕ್ಲೈನಾ ಮಾತ್ರ ಇರಲಿಲ್ಲ. ಹಿಟ್ಟಿನ ಪಟ್ಟಿಯನ್ನು ತಿರುಚಿ ಕುರಿಕೊಬ್ಬಿನಲ್ಲಿ ಕರಿಯುವ ಆ ತಿಂಡಿ ಸಿಗ್ನಿ ಮಾಡಿದ ಹಾಗೆ ಇಡೀ ಗುಂಪಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಬೇಕರಿಗೆ ಹೋಗಿ ಒಂದು ಪೊಟ್ಟಣ ಕ್ಲೈನಾ ತಂದ. ಒಂದು ಕಚ್ಚಿ ನೋಡಿ ಮುಚ್ಚಿಟ್ಟ.

ನಲವತ್ತು ವರ್ಷ ಅವನು ರಸ್ತೆ ಇಲಾಖೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಬೆಳಗಿನ ಜಾವ ಐದಕ್ಕೆ ಊರು ಮಲಗಿರುವಾಗಲೇ ಬಯಲಿನ ರಸ್ತೆ ಬಿಡಿಸಬೇಕು. ಹಾಲಿನ ಲಾರಿ, ಶಾಲೆ ಮಕ್ಕಳು, ಹೆರಿಗೆನೋವು ಬಂದವರು, ಎಲ್ಲರೂ ಅವನ ಹಿಂದೆ. ಮದುವೆ ಆದದ್ದೂ ಆ ಲಾರಿಯ ದೆಸೆಯಿಂದಲೇ. ಒಂದು ಜನವರಿಯಲ್ಲಿ ಒಂಬತ್ತು ದಿನ ಮುಚ್ಚಿಹೋಗಿದ್ದ ರಸ್ತೆಯನ್ನು ಸೀಳಿಕೊಂಡು ಬಯಲಿನ ಶಾಲೆ ತಲುಪಿದಾಗ, ಧನ್ಯವಾದ ಹೇಳುತ್ತಾರೆಂದುಕೊಂಡು ಇಳಿದರೆ, ಕುಳ್ಳಗಿನ ಮೇಷ್ಟರಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಹಿಮ ಎಲ್ಲಾ ತಂದು ನಮ್ಮ ಬಾಗಿಲಿಗೇ ಒತ್ತಿದ್ದೀರಲ್ಲ, ನಾವೇನು ಚಿಮಣಿಯಿಂದ ಬರೋದಾ?" ಎಂದು ಕೂಗಿದ್ದಳು. ಅವನು ಸಲಿಕೆ ಹಿಡಿದು ಬಾಗಿಲು ಬಿಡಿಸಿದ. ಅವಳು ಕಾಫಿ ಕೊಟ್ಟಳು. ಆಮೇಲೆ ಆ ಶಾಲೆಯ ರಸ್ತೆ ಇಡೀ ಜಿಲ್ಲೆಯಲ್ಲೇ ಚೊಕ್ಕಟವಾಗಿರುತ್ತಿತ್ತಂತೆ.

ಜೀಪನ್ನು ಇಬ್ಬರೂ ಸೇರಿ ಎರಡು ಚಳಿಗಾಲ ಕೂತು ಕಟ್ಟಿದ್ದರು. ಬಣ್ಣ ಬಳಿದವಳು ಅವಳು. ಬೆಟ್ಟದ ಮೇಲೆ ನಕ್ಷೆ ಓದುವವಳು ಅವಳು. ಅವನು ಓಡಿಸುವವನು, ಅಷ್ಟೇ.

ಶನಿವಾರ ಬೆಳಿಗ್ಗೆ ಬಣ್ಣ ಹಳದಿಯಾಗಿಯೇ ಇತ್ತು. ಸಂಜೆ ಬರಬೇಕಿದ್ದ ಗಾಳಿ ಮಾತ್ರ ಮಧ್ಯಾಹ್ನಕ್ಕೆ ಜಾರಿತ್ತು. ಹ್ಯಾಲ್ಮರ್ ಬೂಟು ಕಟ್ಟುತ್ತಿದ್ದಾಗ ಥೋರಾ ಫೋನು ಮಾಡಿದಳು.

"ಅಪ್ಪ, ಬಿರ್ಟಾಗೆ ಜ್ವರ. ಕೆಂಡದ ಥರ ಸುಡ್ತಿದೆ ಮೈ. ನನಗೆ ಬರೋಕಾಗಲ್ಲ."

"ನೀನು ಮಗು ನೋಡ್ಕೋ. ಬೆನ್ನು ಒರೆಸು, ನೀರು ಕುಡಿಸ್ತಾ ಇರು."

"ನೀನೂ ಹೋಗಬೇಡ."

"ಹಳದಿ, ಥೋರಾ."

"ನಾನು ಬರ್ತೀನಿ ಅಂತ ತಾನೇ ಒಪ್ಪಿದ್ದು ನಾನು!"

ಅವನ ಬೂಟಿನ ದಾರ ಕೈಯಲ್ಲೇ ಇತ್ತು. ಆ ಕಡೆಯಿಂದ ಮಗುವಿನ ಅಳು ಕೇಳಿಸಿತು. ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಮುದುಕನ ಜೊತೆ ವಾದ ಮಾಡುವುದಕ್ಕೆ ಯಾವ ತಾಯಿಗೆ ಪುರುಸೊತ್ತು?

"ಗೀಸ್ಲಿ ಮುಂದೇನೇ ಇರಬೇಕು ನೀನು. ಸಾಲು ಬಿಟ್ಟು ಎಲ್ಲೂ ಹೋಗಕೂಡದು," ಎಂದಳು ಥೋರಾ ಕೊನೆಗೆ.

"ಇಲ್ಲ."

"ಟೋಪಿ ಹಾಕ್ಕೊಂಡ್ಯಾ?"

"ಹ್ಞೂಂ."

ಹದಿನಾಲ್ಕು ಜೀಪುಗಳು ಸೇರಿದ್ದವು. ಡಾಂಬರು ಮುಗಿದು ಹಿಮ ಶುರುವಾಗುವಲ್ಲಿ ಎಲ್ಲರೂ ನಿಂತು ಟೈರಿನ ಗಾಳಿ ಇಳಿಸಿದರು. ಮೆತ್ತನೆ ಹಿಮದ ಮೇಲೆ ಗಟ್ಟಿ ಟೈರು ಹೂತುಕೊಳ್ಳುತ್ತದೆ. ಹಪ್ಪಳದಂತೆ ಚಪ್ಪಟೆಯಾದರೆ ತೇಲಿಕೊಂಡು ಹೋಗುತ್ತದೆ. ಗೀಸ್ಲಿ ಎಂದಿನಂತೆ ಕೊನೆಯ ಗಳಿಗೆಗೆ ಬಂದು ಕೈ ಬೀಸಿದ. ಗಾಳಿ ಬರುವ ಮುಂಚೆ ಮೇಲೆ ತಲುಪುವ ಆತುರದಲ್ಲಿ ಕೆಳಗಿಳಿದು ಮಾತಾಡಲು ಅವರಿಬ್ಬರಿಗೂ ಪುರುಸೊತ್ತಾಗಲಿಲ್ಲ.

ಈ ಸಲ ಸಾಲಿನ ಮುಂದಾಳು ಅಕುರೇರಿಯ ಲಿಲ್ಯಾ. ಮೂವತ್ತೈದರ ಹೆಂಗಸು, ಹೂಸವಿಕ್‌ನವರಿಗೆ ಹೊಸಬಳು. ಕ್ರಮ ಮಾತ್ರ ಹಳೆಯದೇ. ಹೊರಡುವ ಮುಂಚೆ ರೇಡಿಯೊದಲ್ಲಿ ಪ್ರತಿ ಗಾಡಿಯವರೂ ತಮ್ಮ ನಂಬರು, ಒಳಗಿರುವವರ ಲೆಕ್ಕ ಹೇಳಬೇಕು. ಅವಳು ಬರೆದುಕೊಳ್ಳಬೇಕು. ತಂಗುಮನೆಯ ಬಾಗಿಲಲ್ಲಿ ತಲೆ ಎಣಿಸಿ ಆ ಲೆಕ್ಕಕ್ಕೆ ತಾಳೆ ನೋಡಬೇಕು. ಬೆಟ್ಟದ ಮೇಲೆ ಒಂದು ತಲೆ ಕಡಿಮೆ ಬಂದರೆ ಅದು ಸಾವಿನ ಮಾತು.

"ಒಂದು, ಮೂವರು."

"ಎರಡು, ಇಬ್ಬರು."

ಹಾಗೇ ಬಂತು. ಹತ್ತನೆಯವರು ಹೇಳಿದರು. ಹ್ಯಾಲ್ಮರ್ ಕೊಕ್ಕೆಯಿಂದ ಮೈಕು ತೆಗೆದು ಬಾಯಿ ಹತ್ತಿರ ಹಿಡಿದ.

"ಹನ್ನೊಂದು, ಇಬ್ಬರು."

ಮೂವತ್ತೆಂಟು ವರ್ಷ ಆ ಮೈಕು ಹಿಡಿದವಳು ಸಿಗ್ನಿ. ಅವನ ಎರಡೂ ಕೈ ಸ್ಟೀರಿಂಗಿನ ಮೇಲಿರುತ್ತಿದ್ದವು, ಹೇಳುತ್ತಿದ್ದವಳು ಅವಳು. ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ, ಪ್ರತಿ ವರ್ಷ ಅದೇ ಎರಡು ಮಾತು. ಹಾಗಾಗಿ ಅದು ಅವನು ಹೇಳಿ ಕಲಿತ ಮಾತಲ್ಲ, ಕೇಳಿ ಕೇಳಿ ಕಿವಿಯಲ್ಲಿ ಕೂತ ಮಾತು. ಕಿವಿಯಲ್ಲಿ ಇದ್ದದ್ದು ಬಾಯಿಗೆ ಬಂತು. ತಪ್ಪು ಹೇಳಿದೆ ಅಂತ ಅವನಿಗೆ ಅನ್ನಿಸಲೇ ಇಲ್ಲ. ಲಿಲ್ಯಾ ಬರೆದುಕೊಂಡಳು. ಹಿಂದಿನ ಜೀಪಿನಲ್ಲಿ ಗೀಸ್ಲಿ, ಥೋರಾ ಬಂದಿದ್ದಾಳೆ ಸದ್ಯ, ಎಂದುಕೊಂಡ.

"ಒಟ್ಟು ಮೂವತ್ಮೂರು ಜನ," ಎಂದಳು ಲಿಲ್ಯಾ. "ಹೊರಡೋಣ."

ಮೊದಲ ಎರಡು ಗಂಟೆ ಚೆನ್ನಾಗಿತ್ತು. ಬೆಟ್ಟದ ಸಾಲು ಬಿಳಿಗೆ ಬಿಳಿ ಸೇರಿ, ನಡುವೆ ಎಲ್ಲೋ ಸೂರ್ಯನ ತೆಳ್ಳನೆ ಹಳದಿ. ಜೀಪು ಹಳೆಯ ದನಿಯಲ್ಲಿ ಗುನುಗುತ್ತಿತ್ತು. ಹ್ಯಾಲ್ಮರನ ಎದೆಯಲ್ಲಿ ಅಕ್ಟೋಬರಿನಿಂದ ಕೂತಿದ್ದ ಕಲ್ಲು ಸ್ವಲ್ಪ ಪಕ್ಕಕ್ಕೆ ಸರಿದಂತಾಯಿತು. ಅವನು ಅಲ್ಲೊಂದು ಕಡೆ ಹಾಡಿಕೊಂಡದ್ದೂ ಉಂಟು.

ಒಂದು ಗಂಟೆಗೆ ಗಾಳಿ ಬಂತು. ಬಂತು ಅನ್ನುವುದಕ್ಕಿಂತ ನೆಲವೇ ಎದ್ದು ಹೊರಟಿತು. ಮುಂದಿನ ಜೀಪಿನ ಕೆಂಪು ದೀಪ ಮಾಯವಾಯಿತು, ತನ್ನದೇ ಬಾನೆಟ್ಟು ಕಾಣದಾಯಿತು. ಆಳು ನಡೆಯುವಷ್ಟು ನಿಧಾನಕ್ಕೆ ಸಾಲು ತೆವಳಿತು. ತಂಗುಮನೆಗೆ ಇನ್ನು ಎರಡು ಕಿಲೋಮೀಟರ್ ಇರುವಾಗ ನಾಲ್ಕನೇ ನಂಬರಿನ ಆಕ್ಸಲ್ ಮುರಿಯಿತು. ಅದರಲ್ಲಿದ್ದ ಮೂವರನ್ನು, ಯಾರ ಬಾಗಿಲು ಹತ್ತಿರವಿತ್ತೋ ಅವರವರ ಜೀಪಿಗೆ ಹತ್ತಿಸಿಕೊಂಡು, ಆ ಗಾಡಿಯನ್ನು ಅಲ್ಲೇ ಬಿಟ್ಟು ಮುಂದುವರಿದರು. ಹ್ಯಾಲ್ಮರ್ ದಾರಿ ತಪ್ಪಲಿಲ್ಲ. ಹಿಮ ಗಾಲಿಯಡಿ ಹೇಗೆ ಸರಿಯುತ್ತದೆಂದು ನಲವತ್ತು ವರ್ಷ ಲಾರಿಯಲ್ಲಿ ಕೂತ ಸೊಂಟಕ್ಕೆ ಗೊತ್ತಿತ್ತು. ತಂಗುಮನೆಯ ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದಾಗ, ಥೋರಾಗೆ ಇದನ್ನು ಹೇಗೆ ಹೇಳಬೇಕು ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದ.

ಒಳಗೆ ಲಿಲ್ಯಾ ಮೂರು ಸಲ ಎಣಿಸಿದಳು. ಅಟ್ಟ ಹತ್ತಿ ಎಣಿಸಿದಳು, ಹಿಂದಿನ ಶೌಚದ ಕೋಣೆಯ ಬಾಗಿಲು ಬಡಿದು ಎಣಿಸಿದಳು.

"ಮೂವತ್ತೆರಡು," ಎಂದಳು. ಮನೆಯೊಳಗೆ ನಗು, ಒದ್ದೆ ಬೂಟಿನ ಸದ್ದು, ಎಲ್ಲ ಒಟ್ಟಿಗೆ ನಿಂತಿತು. "ನಾಲ್ಕನೇ ನಂಬರಿನವರು ಯಾರ್ಯಾರ ಗಾಡಿ ಹತ್ತಿದ್ರಿ? ಯಾರಾದ್ರೂ ಅಲ್ಲೇ ಉಳ್ಕೊಂಡ್ರಾ?"

ಗದ್ದಲದಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು. ಹತ್ತಿದವರು ಇಬ್ಬರೋ ಮೂವರೋ ಸ್ಪಷ್ಟವಾಗಲಿಲ್ಲ. ಅರ್ನೋರ್ ಎಂಬ ಎತ್ತರದ ಆಳು, ಅಕುರೇರಿಯಲ್ಲಿ ಕರೆಂಟಿನ ಕೆಲಸ ಮಾಡುವವನು, ಕೇಳುತ್ತ ನಿಲ್ಲಲಿಲ್ಲ. ಕೋಟು ಏರಿಸಿದ.

"ಲೆಕ್ಕ ನೀವು ನೋಡ್ಕೊಳ್ಳಿ. ಆ ಗಾಡಿ ಹತ್ರ ಯಾರಾದ್ರೂ ಇದ್ರೆ ಅವರಿಗೆ ಅಷ್ಟು ಹೊತ್ತಿಲ್ಲ," ಎಂದು, ಜೊತೆಗಾರ್ತಿ ಹೆಲ್ಗಾಳನ್ನು ಕರೆದುಕೊಂಡು ಹೊರಟ. ಅವಳು ಜೀಪು ಓಡಿಸುವುದು, ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಂದೆ ನಡೆದು ದಾರಿ ತೋರಿಸುವುದು. ಬಾಗಿಲು ತೆಗೆದಾಗ ಒಳಗೆ ಹಿಮ ನುಗ್ಗಿತು.

"ನಾನೂ ಬರ್ತೀನಿ, ಈ ಇಳಿಜಾರು ನನಗೆ ಗೊತ್ತು," ಎಂದು ಹ್ಯಾಲ್ಮರ್ ಬಾಗಿಲ ತನಕ ಹೋಗಿದ್ದ. ಲಿಲ್ಯಾ ತೋಳು ಹಿಡಿದು ನಿಲ್ಲಿಸಿದಳು. ಅವನಿಗೆ ಕೂರಲಾಗಲಿಲ್ಲ. ಟಾರ್ಚು ಹಿಡಿದು ಅಟ್ಟದ ಮೇಲೆ ಮಲಗಿದ್ದವರ ಮುಖಕ್ಕೆಲ್ಲ ಬೆಳಕು ಬಿಟ್ಟು, "ನೀನು ಯಾರಪ್ಪ, ನಿನ್ನ ಜೊತೆ ಯಾರಿದ್ರು," ಎಂದು ಒಬ್ಬೊಬ್ಬರನ್ನೂ ವಿಚಾರಿಸಿದ. ಪಾಪ, ಯಾರ ಮನೆಯವರೋ ಏನೋ, ಎಂದು ಗೀಸ್ಲಿಯ ಹತ್ತಿರ ಹೇಳಿದ.

ಲಿಲ್ಯಾ ಪಟ್ಟಿ ಹಿಡಿದು ಕೂಗತೊಡಗಿದಳು. ಒಂದನೇ ನಂಬರಿನ ಮೂವರೂ ಕೈಯೆತ್ತಿದರು. ನಾಲ್ಕನೇ ನಂಬರಿನ ಮೂವರೂ ಕೈಯೆತ್ತಿದರು. ಹಾಗಾದರೆ ಅವರಲ್ಲ. ಕೂಗು ಮುಂದುವರಿಯಿತು.

"ಹನ್ನೊಂದು, ಇಬ್ಬರು."

ಹ್ಯಾಲ್ಮರ್ ಕೈಯೆತ್ತಿದ. ಒಂದೇ ಕೈ.

"ಥೋರಾ ಎಲ್ಲೋ?" ಗೀಸ್ಲಿ ಎದ್ದು ನಿಂತ. "ಹ್ಯಾಲ್ಮರ್! ಥೋರಾ ಎಲ್ಲಿ ಅಂದೆ! ದಾರೀಲಿ ಇಳಿದ್ಲಾ?"

"ಥೋರಾ ಮನೇಲಿದಾಳೆ. ಮಗೂಗೆ ಜ್ವರ. ಅವಳು ಬರಲೇ ಇಲ್ಲ."

"ಇಬ್ಬರು ಅಂದ್ರಲ್ಲ ನೀವು," ಎಂದಳು ಲಿಲ್ಯಾ. "ರೇಡಿಯೊದಲ್ಲಿ. ನಾನು ಬರ್ಕೊಂಡಿದೀನಿ ನೋಡಿ. ಎರಡನೆಯವರು ಯಾರು?"

ಹ್ಯಾಲ್ಮರ್ ಪಟ್ಟಿ ನೋಡಿದ. ತನ್ನ ಕೈ ಇನ್ನೂ ಮೇಲೆಯೇ ಇದೆ ಅಂತ ಗೊತ್ತಾಗಿ ಇಳಿಸಿದ. ಬೆಳಗಿನ ಆ ಮೈಕು, ತಾನು ಆಡಿದ ಎರಡು ಮಾತು, ಆ ಮಾತಿನ ದನಿ ಯಾರದು ಎನ್ನುವುದು, ಎಲ್ಲ ಒಟ್ಟಿಗೆ ಬಂದು ಎದೆಗೆ ಕೂತವು.

"ಸಿಗ್ನಿ," ಎಂದ.

ಹೂಸವಿಕ್‌ನವರು ನೆಲ ನೋಡಿದರು. ಲಿಲ್ಯಾಗೆ ಅರ್ಥವಾಗಲಿಲ್ಲ.

"ಸಿಗ್ನಿ ಎಲ್ಲಿದಾರೆ ಈಗ?"

"ಇಲ್ಲ," ಎಂದ ಅವನು. "ಸತ್ತುಹೋಗಿದಾಳೆ. ಅಕ್ಟೋಬರಲ್ಲಿ. ನನ್ನ ಹೆಂಡತಿ." ಆಮೇಲೆ ಯಾರೋ ತಳ್ಳಿದಂತೆ ಜೋರಾಗಿ, "ಯಾರೂ ಕಾಣೆಯಾಗಿಲ್ಲ. ಅವರನ್ನ ವಾಪಸ್ ಕರೀರಿ! ಬೇಗ ಕರೀರಿ!"

ರೇಡಿಯೊದಲ್ಲಿ ಬರಿ ಗೊರಗೊರ. ಲಿಲ್ಯಾ ಕರೆದಳು, ಗೀಸ್ಲಿ ಕರೆದ. ಹ್ಯಾಲ್ಮರ್ ಮೈಕು ಕಸಿದುಕೊಂಡು, "ಅರ್ನೋರ್, ಹೆಲ್ಗಾ, ತಿರುಗಿ ಬನ್ನಿ, ತಪ್ಪು ನನ್ನದು, ನನ್ನ ಜೊತೆ ಯಾರೂ ಇರಲಿಲ್ಲ, ನಾನೊಬ್ಬನೇ," ಎಂದ. ಮತ್ತೆ ಹೇಳಿದ. ನಾನೊಬ್ಬನೇ, ನಾನೊಬ್ಬನೇ ಎಂದು ಆ ಗಾಳಿಗೆ ಎಷ್ಟು ಸಲ ಹೇಳಿದನೋ. ನಾಲ್ಕು ತಿಂಗಳಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದೆಲ್ಲ ಮೂವತ್ತು ಜನರ ಮುಂದೆ ಹೊರಬಂತು.

"ಒಂದು ಮಾತಿಗೋಸ್ಕರ ಎರಡು ಜೀವ ಹೊರಗಿದೆ," ಎಂದ ನಾಲ್ಕನೇ ನಂಬರಿನವನು ಮೂಲೆಯಿಂದ.

"ಬಾಯಿ ಮುಚ್ಚು ನೀನು!" ಗೀಸ್ಲಿ ಎಗರಿದ.

"ಅವನು ಹೇಳಿದ್ದು ಸರಿಯಾಗೇ ಇದೆ, ಗೀಸ್ಲಿ," ಎಂದ ಹ್ಯಾಲ್ಮರ್, ಮೈಕು ಕೆಳಗಿಡದೆ.

ನಲವತ್ತು ನಿಮಿಷದ ಮೇಲೆ ಹೆಲ್ಗಾಳ ದನಿ ತುಂಡುತುಂಡಾಗಿ ಕೇಳಿಸಿತು. ಮುರಿದ ಗಾಡಿ ತಲುಪಿ, ಸುತ್ತ ಹುಡುಕಿ, ಆಗಲೇ ಹಿಂದಿರುಗುತ್ತಿದ್ದರು. ಕತ್ತಲಾಗುವ ಮುಂಚೆ ಇಬ್ಬರೂ ಒಳಗೆ ಬಂದರು. ಅರ್ನೋರನ ಒಂದು ಕೈಗವಸು ಗಾಳಿಗೆ ಹಾರಿಹೋಗಿತ್ತು. ಬಲಗೈಯ ನಾಲ್ಕು ಬೆರಳು ಮೇಣದ ಬತ್ತಿಯ ಹಾಗೆ ಬೆಳ್ಳಗಿದ್ದವು. ಯಾರೋ ಉಜ್ಜುವುದಕ್ಕೆ ಬಂದರು.

"ಉಜ್ಜಬೇಡಿ, ಚರ್ಮ ಕಿತ್ತು ಬರುತ್ತೆ," ಎಂದ ಹ್ಯಾಲ್ಮರ್. ತನ್ನ ಸ್ವೆಟರ್ ಎತ್ತಿ ಆ ಕೈಯನ್ನು ಕಂಕುಳಿಗೆ ಸೇರಿಸಿ ಒತ್ತಿ ಹಿಡಿದ. ಹಿಮಗಡ್ಡೆಯನ್ನೇ ಅಪ್ಪಿಕೊಂಡಂತಾಯಿತು. ಹೆಲ್ಗಾಗೆ ಲಿಲ್ಯಾ ವಿಷಯ ಹೇಳುವುದು ಪಕ್ಕದಲ್ಲೇ ಕೇಳಿಸುತ್ತಿತ್ತು. ಅರ್ನೋರನಿಗೂ ಕೇಳಿಸಿತು.

"ನನ್ನ ಬಯ್ಯಿ," ಎಂದ ಹ್ಯಾಲ್ಮರ್.

ಅರ್ನೋರನ ಹಲ್ಲು ಕಟಕಟ ಅನ್ನುತ್ತಿತ್ತು. "ನೋಯ್ತಿದೆ ಈಗ. ನೋವು ಕಡಿಮೆ ಆದ್ಮೇಲೆ ಬಯ್ತೀನಿ."

"ನೋಯ್ತಿದ್ರೆ ಒಳ್ಳೇದು. ಬೆರಳು ಉಳೀತು."

"ನಾನು ಅವರನ್ನ ನೋಡಿದೀನಾ? ನಿಮ್ಮ ಹೆಂಡತಿನ?"

"ಹೋದ ವರ್ಷ ಇಲ್ಲೇ ಇದ್ಲು. ನಿನಗೂ ಕ್ಲೈನಾ ಕೊಟ್ಟಿರ್ತಾಳೆ. ತಗೋ ತಗೋ ಅಂತ ಎಲ್ಲರ ಜೇಬಿಗೂ ತುರುಕೋಳು."

"ಆ ಕುಳ್ಳಮ್ಮನಾ?" ಅರ್ನೋರ್ ತಲೆಯೆತ್ತಿದ. "ನನಗೆ ಮೂರು ಕೊಟ್ಟಿದ್ರು. ಎತ್ತರ ಇದೀಯ, ಹೆಚ್ಚು ಬೇಕು ಅಂದಿದ್ರು."

ಹ್ಯಾಲ್ಮರ್ ಆಗ ಅತ್ತ. ಕೈ ಬಿಡುವಂತಿರಲಿಲ್ಲ, ಆದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಗಾಳಿ ಬಿದ್ದುಹೋಗಿತ್ತು. ಗಂಡಸರು ಸಾರು ಬೇಯಿಸಿದರು. ಯಾರೂ ಹಿಂದಿನ ದಿನದ ಮಾತೆತ್ತಲಿಲ್ಲ. ಅದು ಬೈಗುಳಕ್ಕಿಂತ ಭಾರವಾಗಿತ್ತು. ಅರ್ನೋರನ ಬೆರಳುಗಳಲ್ಲಿ ಗುಳ್ಳೆ ಎದ್ದು, ಬಟ್ಟೆ ಸುತ್ತಿತ್ತು. ಹೂಸವಿಕ್ ಆಸ್ಪತ್ರೆಗೆ ತೋರಿಸಬೇಕು. ಅವನ ಜೀಪಿನ ಹೀಟರ್ ಕೆಟ್ಟಿದ್ದರಿಂದ ಬೆಚ್ಚಗಿರುವ ಗಾಡಿಯಲ್ಲೇ ಅವನನ್ನು ಕಳಿಸಬೇಕು. "ಹ್ಯಾಲ್ಮರನ ಗಾಡಿ ಒಲೆ ಇದ್ದಂಗಿರುತ್ತೆ. ಸಿಗ್ನಿಗೆ ಚಳಿ ಆಗ್ತಿರಲಿಲ್ಲ," ಎಂದ ಗೀಸ್ಲಿ.

ಅರ್ನೋರ್ ಬಾಗಿಲು ತೆಗೆದು ಕೂರಲು ಹೋದರೆ ಮಂಡಿ ಎದೆಗೆ ಬಂತು. ಸೀಟು ಪೂರ್ತಿ ಮುಂದಕ್ಕಿತ್ತು. ಕಾಲು ನಿಲುಕಲಿ ಅಂತ ಸಿಗ್ನಿ ಎಂದೋ ಎಳೆದುಕೊಂಡದ್ದು, ಮತ್ತೆ ಯಾರೂ ಮುಟ್ಟಿರಲಿಲ್ಲ. ಸೀಟು ಸರಿಯುವ ಹಳಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಪರವಾಗಿಲ್ಲ ಬಿಡಿ. ಮಡಚ್ಕೊಂಡು ಕೂರ್ತೀನಿ," ಎಂದ ಅರ್ನೋರ್.

"ಮೂರು ಗಂಟೆ ದಾರಿ. ಆಗಲ್ಲ," ಎಂದ ಹ್ಯಾಲ್ಮರ್. ಎಣ್ಣೆ ಬಿಟ್ಟ, ಸುತ್ತಿಗೆ ತಂದ. ಹಿಮದಲ್ಲಿ ಮಂಡಿಯೂರಿ ಕೂತು ಹೊಡೆದ. ಮೊದಲು ಮೆಲ್ಲಗೆ, ಆಮೇಲೆ ತೋಳೆತ್ತಿ. ಹೊರಡಲು ನಿಂತಿದ್ದ ಜೀಪುಗಳೆಲ್ಲ ಕಾದವು. ಕೊನೆಗೆ ಕಿರ್ರೆಂದು ಹಳಿ ಬಿಟ್ಟುಕೊಂಡಿತು. ಸೀಟು ಒಂದು ಗೇಣು ಹಿಂದೆ ಹೋಯಿತು. ಇನ್ನೊಂದು ಗೇಣು ಹೋಯಿತು. ಅರ್ನೋರ್ ಕಾಲು ಚಾಚಿ ಕೂತು, ಡಾಂಬರು ಬರುವವರೆಗೂ ಬಾಯಿ ತೆರೆದುಕೊಂಡು ನಿದ್ದೆ ಮಾಡಿದ.

ಡಾಂಬರು ಸಿಕ್ಕಲ್ಲಿ ಟೈರಿಗೆ ಮತ್ತೆ ಗಾಳಿ ತುಂಬಿಸಬೇಕು. ಒಂದೊಂದಕ್ಕೂ ಹತ್ತು ನಿಮಿಷ. ಮೂರನೆಯ ಟೈರಿಗೆ ಕೊಳವೆ ಸಿಕ್ಕಿಸಿ ಹ್ಯಾಲ್ಮರ್ ಥೋರಾಗೆ ಫೋನು ಮಾಡಿದ. ಗೀಸ್ಲಿಯ ಹೆಂಡತಿಯ ಬಾಯಿಂದ ಅವಳಿಗೆ ಗೊತ್ತಾಗುವುದು ಅವನಿಗೆ ಬೇಡವಾಗಿತ್ತು. ಒಂದೂ ಬಿಡದೆ ಹೇಳಿದ. ಲೆಕ್ಕ, ಪಟ್ಟಿ, ಅರ್ನೋರನ ಬೆರಳು.

"ಎಡವಟ್ಟಾಯ್ತು, ಥೋರಾ. ಒಪ್ಪಿದ ಹಾಗೆ ಜೀಪು ಮಾರೋಣ. ನಾನು ಏನೂ ಅನ್ನಲ್ಲ."

ಪಂಪು ಬಡಬಡ ಹೊಡೆದುಕೊಳ್ಳುತ್ತಿತ್ತು.

"ಅಪ್ಪ," ಎಂದಳು ಥೋರಾ. "ಅಷ್ಟು ಜನರ ಮುಂದೆ ನೀನೇ ಹೇಳಿದ್ಯಾ? ಅಮ್ಮ ಸತ್ತುಹೋದ್ಲು ಅಂತ?"

"ಹೇಳಲೇಬೇಕಾಯ್ತು."

"ನನಗೆ ಇನ್ನೂ ಹೇಳೋಕಾಗಿಲ್ಲ." ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. "ಬಿರ್ಟಾಗೆ ಹೇಳಿಲ್ಲ ನಾನು. ಮಣ್ಣಿನ ದಿನ ಅವಳನ್ನ ಪಕ್ಕದ ಮನೇಲಿ ಬಿಟ್ಟಿದ್ದೆ. ಅಜ್ಜಿ ಬೆಟ್ಟಕ್ಕೆ ಹೋಗಿದಾಳೆ ಅಂದುಬಿಟ್ಟಿದ್ದೆ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ... ಈಗ ಜ್ವರ ಬಿಟ್ಟಿದೆ. ಅಜ್ಜ ಬೆಟ್ಟದಿಂದ ಅಜ್ಜಿನ ಕರ್ಕೊಂಡು ಬರ್ತಾನೆ ಅಂತ ಬೆಳಿಗ್ಗೆಯಿಂದ ಕಿಟಕಿ ಹತ್ರ ಕೂತಿದಾಳೆ. ಗಂಜಿನೂ ಅಲ್ಲೇ ತಿಂದ್ಲು. ಏನು ಮಾಡ್ಲಿ ನಾನು?"

ಹ್ಯಾಲ್ಮರ್ ಟೈರಿನ ಮೇಲೆ ಕೈ ಊರಿದ. ರಬ್ಬರು ನಿಧಾನಕ್ಕೆ ಬಿಗಿಯಾಗುತ್ತಿತ್ತು.

"ಕಿಟಕಿಯಿಂದ ಎಬ್ಬಿಸಬೇಡ," ಎಂದ. "ಉಣ್ಣೆಯ ಕಾಲುಚೀಲ ಹಾಕು. ಈ ಹುಡುಗನ್ನ ಆಸ್ಪತ್ರೇಲಿ ಇಳಿಸಿ ಬರ್ತೀನಿ. ನಾನೇ ಹೇಳ್ತೀನಿ ಅವಳಿಗೆ."

"ಏನಂತ ಹೇಳ್ತೀಯಪ್ಪ?"

"ಗೊತ್ತಿಲ್ಲ. ಇದ್ದಿದ್ದನ್ನೇ ಹೇಳೋದು."

ಫೋನು ಜೇಬಿಗಿಟ್ಟ. ಇನ್ನೊಂದು ಟೈರು ಬಾಕಿಯಿತ್ತು. ಗೀಸ್ಲಿ ಆಗಲೇ ಬಂದು, ಏನೂ ಕೇಳದೆ, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ವಾಲ್ವಿನ ಮುಚ್ಚಳ ಬಿಚ್ಚುತ್ತಿದ್ದ.